ಕುರಾಂಬಿನ್ ತಂಡದ ಹಸಿರು

ನಮ್ಮ ಕುರಾಂಬಿನ್‌ನಲ್ಲಿ ಸ್ಕೂಲ್ ಬಸ್ ಓಡಿಸುವ ವರ್ನ್ ಪೆಂಗೆಲಿ, ಹೆಂಡತಿಯನ್ನು ಮಣ್ಣು ಮಾಡಿ ಬಂದ ವಾರವೇ ಮತ್ತೆ ಬಸ್ ತೆಗೆದ. ಮಕ್ಕಳು ಹತ್ತಿದರು, ಹಿಂದಿನ ಸೀಟಿನಲ್ಲಿ ಒಬ್ಬರ ಟೋಪಿ ಒಬ್ಬರು ಕಿತ್ತುಕೊಂಡು ಕೂಗಾಡಿದರು. ಅವನು ಕನ್ನಡಿಯಲ್ಲಿ ನೋಡಿದ, ಬೈಯಲಿಲ್ಲ. ಬೈಯಬೇಕೆಂದು ಅನ್ನಿಸಲೂ ಇಲ್ಲ. ಬೈಯದ ವರ್ನ್‌ನನ್ನು ಕಂಡು ಮಕ್ಕಳೇ ಹೆದರಿ ತೆಪ್ಪಗೆ ಕೂತರು.

ನೋಲಾ ಸತ್ತದ್ದು ಈಸ್ಟರ್‌ಗೆ ಮುಂಚಿನ ವಾರ. ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದವಳು ಅಲ್ಲೇ ಕುಸಿದಳು. ಮಣ್ಣು ಮಾಡಿದ ದಿನ ಚರ್ಚಿನ ಹಾಲ್‌ನಲ್ಲಿ ಊರಿಗೆ ಊರೇ ಸೇರಿತು. ಸ್ಯಾಂಡ್‌ವಿಚ್ ತಿನ್ನುತ್ತ, ಟೀ ಕುಡಿಯುತ್ತ ಎಲ್ಲರೂ ವರ್ನ್‌ನ ಮುಖವನ್ನೇ ನೋಡಿದರು. ಅವನು ಅಳಲಿಲ್ಲ. ಪಾಪ, ಮನೆಯಲ್ಲಿ ಅತ್ತಿರುತ್ತಾನೆ ಎಂದುಕೊಂಡರು. ಮನೆಯಲ್ಲೂ ಅಳಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ನಮ್ಮದೇ ಹೌದು, ಮುಟ್ಟಿದರೆ ಯಾರದೋ ಅನ್ನಿಸುತ್ತದೆ. ಅವನ ಇಡೀ ಮೈ ಹಾಗಾಗಿತ್ತು. ಹೊತ್ತಿಗೆ ಸರಿಯಾಗಿ ತಿಂದ, ಮಲಗಿದ, ನಿದ್ದೆಯೂ ಬಂತು. ನಿದ್ದೆ ಬಂದದ್ದಕ್ಕೇ ಅವನಿಗೆ ಭಯವಾದದ್ದು. ನಲವತ್ತು ವರ್ಷ ಜೊತೆಗೆ ಬಾಳಿದವಳಿಗೆ ಒಂದು ಹನಿ ಕಣ್ಣೀರಿಲ್ಲ ಎಂದರೆ ತಾನು ಎಂಥ ಮನುಷ್ಯ? ಅವಳನ್ನು ಪ್ರೀತಿಸಿದ್ದೇ ಸುಳ್ಳೇ? ಈ ಪ್ರಶ್ನೆ ಬಂದಾಗಲೂ ಅವನಿಗೆ ನೋವಾಗಲಿಲ್ಲ. ಮಳೆ ಬಂದೀತೇ ಎಂದು ಕೇಳಿಕೊಂಡ ಹಾಗೆ ಕೇಳಿಕೊಂಡು ಟೀವಿ ಹಾಕಿದ.

ವರ್ನ್‌ಗೆ ಇದ್ದ ಚಟ ಒಂದೇ, ಅದು ಅಡಿಗೆಮನೆಯ ಮೇಜಿನ ಮೇಲಿದ್ದ ಕಂಪ್ಯೂಟರಿನಲ್ಲಿತ್ತು. ಇಂಟರ್ನೆಟ್ಟಿನಲ್ಲಿ ಒಂದು ಫುಟ್‌ಬಾಲ್ ಲೀಗ್ ಇದೆ. ಅದರಲ್ಲಿ ಆಟಗಾರರಿಲ್ಲ, ಚೆಂಡಿಲ್ಲ, ಮೈದಾನವಿಲ್ಲ, ಇರುವುದು ಜೆರ್ಸಿ ಮಾತ್ರ. ಒಂದೊಂದು ಕಲ್ಪನೆಯ ಕ್ಲಬ್ಬಿಗೆ ಒಬ್ಬೊಬ್ಬ ಯಜಮಾನ. ವಾರಕ್ಕೊಂದು ಸುತ್ತು. ಎದುರಾಳಿಗಳಿಬ್ಬರೂ ತಮ್ಮ ತಂಡಕ್ಕೆ ತೋಳಿಲ್ಲದ ಜೆರ್ಸಿಯೊಂದರ ಚಿತ್ರ ಬರೆದು ಹಾಕಬೇಕು, ಕೆಳಗೆ ನಾಲ್ಕು ಮಾತು ಬರೆಯಬೇಕು, ಮಿಕ್ಕವರು ವೋಟು ಹಾಕಬೇಕು. ಪೂರ್ತಿ ಮೆಚ್ಚಿದರೆ ಅದು ಗೋಲು, ನಮ್ಮ ಕಡೆಯ ಫುಟ್‌ಬಾಲಿನ ಲೆಕ್ಕದಂತೆ ಆರು ಅಂಕ. ಅರೆಮನಸ್ಸಿನಿಂದ ಮೆಚ್ಚಿದರೆ ಗೋಲು ತಪ್ಪಿ ಪಕ್ಕದ ಕಂಬದ ಕಡೆ ಹೋದ ಚೆಂಡು, ಒಂದಂಕ. ಶನಿವಾರ ಸಂಜೆ ಸ್ಕೋರು. ಕೇಳಿದವರು ನಗುತ್ತಾರೆ, ನಗಲಿ. ಇಸ್ಪೀಟಿನ ರಾಜನಿಗೂ ರಾಜ್ಯವಿಲ್ಲ. ಅವನಿಗಾಗಿ ಮನೆ ಕಳೆದುಕೊಂಡವರು ಬೇಕಾದಷ್ಟು ಜನ ಇದ್ದಾರೆ.

ವರ್ನ್‌ನ ಕ್ಲಬ್ಬಿನ ಹೆಸರು ಕುರಾಂಬಿನ್. ನಿಜವಾದ ಕುರಾಂಬಿನ್ ತಂಡ ಮುಚ್ಚಿ ಎಷ್ಟೋ ಕಾಲವಾಯಿತು. ಆಡಲು ಹದಿನೆಂಟು ಹುಡುಗರು ಸಿಗದೆ ಹೋದರು, ಆ ಮೈದಾನದಲ್ಲಿ ಈಗ ಕುರಿ ಮೇಯುತ್ತವೆ. ತಂಡದ ಬಣ್ಣ ಕಡುಹಸಿರು, ಅದರ ಮೇಲೆ ತಿಳಿಗಂದು ಅಡ್ಡಪಟ್ಟೆ. ಎದುರಾಳಿಗಳು ಅದನ್ನು ಹುಲ್ಲು-ಸೆಗಣಿ ಎಂದು ಕರೆಯುತ್ತಿದ್ದರು. ವರ್ನ್ ಆ ಹುಲ್ಲು-ಸೆಗಣಿಯನ್ನು ತೊಟ್ಟು ಹತ್ತು ವರ್ಷ ಆಡಿದವನು. ಅವನ ಪಾಲಿಗೆ ಅದಕ್ಕಿಂತ ಚೆಂದದ ಜೆರ್ಸಿ ಭೂಮಿಯ ಮೇಲಿರಲಿಲ್ಲ.

ತಮಾಷೆಯೆಂದರೆ ಆ ಬಣ್ಣವನ್ನು ಅವನು ಒಂದು ದಿನವೂ ಕಂಡವನಲ್ಲ. ಹುಟ್ಟಿದಾರಭ್ಯ ಅವನ ಕಣ್ಣಿಗೆ ಕೆಂಪೂ ಹಸಿರೂ ಒಂದೇ. ಹರೆಯದಲ್ಲಿ ರೈಲು ಓಡಿಸಲು ಹೋಗಿ ಕಣ್ಣಿನ ಪರೀಕ್ಷೆಯಲ್ಲಿ ಫೇಲಾಗಿ ಬಂದಿದ್ದ. ಆಟದಲ್ಲಿ ಚಡ್ಡಿ ನೋಡಿ ಬಚಾವಾಗುತ್ತಿದ್ದ. ಸ್ವಂತ ಊರಿನವರದು ಕಪ್ಪು ಚಡ್ಡಿ, ಬಂದವರದು ಬಿಳಿ. ಅದು ನಮ್ಮ ಆಟದ ಪದ್ಧತಿ. ಒಂದೇ ಒಂದು ಸಲ, ವೆರಾಕ್ ಊರಿನ ತಂಡದ ಮೇಲಿನ ಫೈನಲ್ಲಿನಲ್ಲಿ, ಮಳೆ ಹೊಯ್ದು ಮೈದಾನವೆಲ್ಲ ಕೆಸರಾಗಿ ಎಲ್ಲರ ಚಡ್ಡಿಯೂ ಒಂದೇ ಬಣ್ಣವಾಯಿತು. ವೆರಾಕ್‌ನವರದು ಕಡುಗೆಂಪು, ಕಿತ್ತಳೆ ಪಟ್ಟೆ. ವರ್ನ್ ತನ್ನವನೆಂದು ತಿಳಿದು ಚೆಂಡನ್ನು ನೀಟಾಗಿ ವೆರಾಕ್‌ನ ಆಟಗಾರನ ಎದೆಗೇ ಒದ್ದ. ಅವನು ತಿರುಗಿ ಗೋಲು ಹೊಡೆದ. ಕುರಾಂಬಿನ್ ಸೋತಿತು.

"ಥ್ಯಾಂಕ್ಸ್ ಕಣೋ! ಮುಂದಿನ್ ವರ್ಷ ನಮ್ ಟೀಮಿಗೇ ಬಂದ್ಬಿಡು!" ಎಂದು ಬೇಲಿಯ ಆಚೆಯಿಂದ ಕೂಗಿದವಳು ನೋಲಾ. ವೆರಾಕ್ ತಂಡದ ಅಧ್ಯಕ್ಷನ ಮಗಳು.

ಅವಳನ್ನೇ ಮದುವೆಯಾದ. ಆದರೆ ವೆರಾಕ್ ಎಂಬ ಹೆಸರು ಕೇಳಿದರೆ ಅವನಿಗೆ ಕೊನೆಯವರೆಗೂ ಮೈಯೆಲ್ಲ ಉರಿ. ಹೆಂಡತಿಯ ತವರಿನ ತಂಡದ ಬಣ್ಣದ ಮಫ್ಲರ್ ತನ್ನ ಮನೆಯ ಮೊಳೆಯಲ್ಲಿ ನೇತಾಡಕೂಡದು ಎಂದು ಮದುವೆಯಾದ ವಾರವೇ ಕಟ್ಟುನಿಟ್ಟು ಮಾಡಿದ. ನೋಲಾ ಜಗಳವಾಡಲಿಲ್ಲ. "ಆಯ್ತಪ್ಪ, ನಿನ್ ಮನೆ, ನಿನ್ ಮೊಳೆ" ಎಂದು ಮಫ್ಲರನ್ನು ತಂಗಿ ಡೆಲ್‌ಗೆ ಕೊಟ್ಟುಬಿಟ್ಟಳು. ಹೆಂಗಸರು ಅಷ್ಟು ಸಲೀಸಾಗಿ ಆಯ್ತು ಎಂದರೆ ಗಂಡಸರು ಸ್ವಲ್ಪ ಯೋಚಿಸಬೇಕು. ವರ್ನ್ ಯೋಚಿಸಲಿಲ್ಲ.

ಲೀಗಿನಲ್ಲಿ ಅವನು ಎಂಟು ಸೀಸನ್ ಆಡಿದ. ಗೆರೆ ಅವನದು, ಬಣ್ಣ ನೋಲಾಳದು. ಅವನು ಪಟ್ಟೆ, ಕಾಲರು, ಎದೆಯ ಮೇಲಿನ ಅಕ್ಷರ ಎಲ್ಲ ಬರೆದು ಮುಗಿಸಿದ ಮೇಲೆ ಅವಳು ಟೀ ಲೋಟ ಹಿಡಿದು ಪಕ್ಕಕ್ಕೆ ಬಂದು ಕೂತು ಮೌಸನ್ನು ಕಿತ್ತುಕೊಳ್ಳುತ್ತಿದ್ದಳು.

"ಹಸಿರು ಸರಿಯಾಗಿದ್ಯೇನೇ?"

"ಹಸಿರಂದ್ರೆ ಹಸಿರು. ನಿಮ್ಮಪ್ಪನೂ ಕಂಡಿರ್ಲಿಲ್ಲ, ಅಂಥಾ ಹಸಿರು."

"ಪಟ್ಟೆ ಕಂದು ತಾನೆ?"

"ಅಯ್ಯೋ, ಸುಮ್ನೆ ಕೂತ್ಕೊಳೋ ಮುದುಕ. ಕಾಣೋರಿಗೆ ಬಿಡು."

ಅವನು ಜೆರ್ಸಿಯ ಕೆಳಗೆ ಪ್ರತಿ ಸಲವೂ 'ನಮ್ಮ ಊರಿನ ಹಳೆಯ ಹಸಿರು' ಎಂದು ಹೆಮ್ಮೆಯಿಂದ ಬರೆಯುತ್ತಿದ್ದ. ಮಿಕ್ಕವರು, ಎಂದೂ ಮುಖ ನೋಡದ ದೂರದೂರದ ಜನ, 'ಆಹಾ, ಇಡೀ ಲೀಗಿಗೇ ಒಂದೇ ಹಸಿರು!' 'ಈ ಹಸಿರಿಗೆ ಸಾಟಿಯಿಲ್ಲ ವರ್ನ್!' ಎಂದು ಬರೆಯುತ್ತಿದ್ದರು. ನೋಲಾ ಅದನ್ನು ಓದಿ ಟೀ ನೆತ್ತಿಗೇರುವಷ್ಟು ನಗುತ್ತಿದ್ದಳು. ಹೆಂಡತಿಗೂ ಸಂತೋಷವಾಯಿತಲ್ಲ ಎಂದು ಅವನೂ ನಗುತ್ತಿದ್ದ. ಹೋದ ವರ್ಷ ಕುರಾಂಬಿನ್ ಲೀಗನ್ನೇ ಗೆದ್ದಿತು.

ನೋಲಾ ಸತ್ತ ವಾರದ ಸುತ್ತಿಗೆ ಅವನು ಏನೂ ಕಳಿಸಲಿಲ್ಲ. ಸತತ ಎರಡು ಸುತ್ತು ತಪ್ಪಿದರೆ ಕ್ಲಬ್ಬು ಕಾದು ಕೂತ ಬೇರೆಯವರಿಗೆ ಹೋಗುತ್ತದೆ, ಅದು ನಿಯಮ. ಹೋದರೆ ಹೋಗಲಿ ಎಂದೂ ಅನ್ನಿಸಲಿಲ್ಲ, ಉಳಿಯಲಿ ಎಂದೂ ಅನ್ನಿಸಲಿಲ್ಲ. ಬಸ್ ಓಡಿಸಿದ ಹಾಗೆಯೇ ಕೂತು ಗೆರೆ ಎಳೆದ. ಬಣ್ಣದ ಚೌಕದ ಮೇಲೆ ಮೌಸಿನ ಬಾಣ ಇಟ್ಟರೆ ಅದರ ಹೆಸರು ಮೂಡುತ್ತದೆ ಎಂಬುದು ಅವನಿಗೆ ಅಂದೇ ಗೊತ್ತಾದದ್ದು. ಕಡುಹಸಿರು ಎಂದಿರುವುದನ್ನು ಹುಡುಕಿ ಮೈಗೆ ತುಂಬಿದ, ತಿಳಿಗಂದು ಎಂದಿರುವುದನ್ನು ಪಟ್ಟೆಗೆ ತುಂಬಿದ. ನೋಡಿದ. ಎಂದಿನಂತೆಯೇ ಕಂಡಿತು. ಕೆಳಗೆ ಎಂದಿನ ಮಾತನ್ನೇ ಬರೆದು ಕಳಿಸಿದ. ಹೆಂಡತಿ ಸತ್ತಳೆಂದು ಯಾರಿಗೂ ಹೇಳಲಿಲ್ಲ.

ಶನಿವಾರ ಸ್ಕೋರು ಬಂತು. ಕುರಾಂಬಿನ್ ಹೇಳಹೆಸರಿಲ್ಲದ ಹಾಗೆ ಸೋತಿತ್ತು. ಅದರ ಕೆಳಗೆ ಸಾಲುಸಾಲು ಮಾತು.

'ಏನ್ ಮಾರಾಯ, ತಮಾಷೇನ ನಿಜ ಮಾಡ್ಬಿಟ್ಯಲ್ಲ!'

'ಇದು ನಿಜವಾಗ್ಲೂ ಹಸಿರು! ವರ್ನ್, ಜ್ವರಗಿರ ಬಂದಿದ್ಯಾ?'

'ಹುಲ್ಲಿನ ಮೇಲೆ ಹಸು ಕೂತೆದ್ದ ಹಾಗಿದೆ. ನಮ್ ಹಳೇ ಜೆರ್ಸಿ ವಾಪಸ್ ಕೊಡು.'

ಅವನು ಓದಿದ, ಮತ್ತೆ ಓದಿದ. ಸೋತದ್ದಕ್ಕೆ ಬೇಸರವಾಗಲಿಲ್ಲ, ನಕ್ಕದ್ದಕ್ಕೆ ಅವಮಾನವಾಗಲಿಲ್ಲ. ಅರ್ಥ ಮಾತ್ರ ಆಗಲಿಲ್ಲ. 'ನಾನು ಏನನ್ನೂ ಬದಲಾಯಿಸಿಲ್ಲ' ಎಂದು ಬರೆದ. ಅದಕ್ಕೂ ಅವರು ನಕ್ಕರು.

ಒಂದೆರಡು ದಿನ ಕಳೆದು, ಅವನು ಬಸ್ ನಿಲ್ಲಿಸಿ ಮನೆಗೆ ಬಂದ ಹೊತ್ತಿಗೆ ಡೆಲ್ ಬಂದಳು. ಸಾವಿನ ಮನೆಗೆ ಕುರಿಮಾಂಸದ ಸಾರು ಮಾಡಿ ತಂದಿದ್ದ ಗಾಜಿನ ಪಾತ್ರೆಯನ್ನು ವಾಪಸ್ ತೆಗೆದುಕೊಂಡು ಹೋಗುವ ನೆಪ. ಅಕ್ಕನ ಹಾಗೆ ಅವಳದೂ ಬಾಯಿ ಜೋರು, ಆದರೆ ಈ ಎರಡು ವಾರಗಳಲ್ಲಿ ಅತ್ತು ಅತ್ತು ಕಣ್ಣು ಊದಿತ್ತು. ವರ್ನ್ ಅಳದ್ದನ್ನು ಅವಳು ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳು.

"ತಿಂದ್ಯಾ?"

"ತಿಂದೆ."

"ಹೆಂಗಿತ್ತು?"

"ಇತ್ತು."

ಡೆಲ್ ನಿಟ್ಟುಸಿರು ಬಿಟ್ಟಳು. "ವರ್ನ್, ನಿನ್ ಜೊತೆ ಮಾತಾಡೋದಕ್ಕಿಂತ ಆ ಪಾತ್ರೆ ಜೊತೆ ಮಾತಾಡೋದು ವಾಸಿ. ನಾನು ಬರ್ತೀನಿ."

"ತಡಿ ಡೆಲ್. ಒಂದ್ ನಿಮಿಷ ಇದನ್ನ ನೋಡು. ಬಣ್ಣ ಬದಲಾಗಿದೆ ಅಂತಿದಾರೆ, ನಂಗೆ ಗೊತ್ತಾಗ್ತಿಲ್ಲ."

"ಥೂ, ಆ ಗೊಂಬೆ ಆಟಾನಾ?" ಆ ಚಟದ ಕಡೆಗೆ ಅವಳು ಒಂದು ದಿನವೂ ಕಣ್ಣು ಹಾಯಿಸಿದವಳಲ್ಲ. ಆದರೂ ಕನ್ನಡಕ ಹಾಕಿಕೊಂಡು ಬಗ್ಗಿದಳು. "ಇದೇನು, ನಿಮ್ ಹುಲ್ಲು-ಸೆಗಣಿ. ಸರಿಯಾಗೇ ಇದೆಯಲ್ಲ."

"ಅದು ಈ ಸಲದ್ದು. ಇದು ಹೋದ್ ವರ್ಷ ಗೆದ್ದಿದ್ದು." ಅವನು ಹಳೆಯದನ್ನು ತೆಗೆದು ಪಕ್ಕದಲ್ಲಿಟ್ಟ. "ಎರಡೂ ಒಂದೇ ತಾನೆ?"

ಡೆಲ್ ಕನ್ನಡಕ ಸರಿಮಾಡಿಕೊಂಡಳು. ಪರದೆಯ ಹತ್ತಿರಕ್ಕೆ ಮೂಗು ಒಯ್ದಳು. ಆಮೇಲೆ ಅವಳ ಹೆಗಲು ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡ ವರ್ನ್. ಅವಳು ನಗುತ್ತಿದ್ದಳು. ಕುರ್ಚಿ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದೆ ನಕ್ಕಳು.

"ಏನಾಯ್ತೇ?"

"ಅಯ್ಯೋ ನನ್ನಕ್ಕಾ... ಅಯ್ಯೋ ಕಳ್ಳಿ... ವರ್ನ್, ಇದು ಕೆಂಪು ಮಾರಾಯ!"

"ಯಾವ್ದು?"

"ಇದು! ಗೆದ್ದಿದ್ದು! ಕಡುಗೆಂಪು, ಕಿತ್ತಳೆ ಪಟ್ಟೆ. ಇದು ನಮ್ ವೆರಾಕ್ ಜೆರ್ಸಿ ಕಣೋ! ಹಿಂದಿಂದು ತೆಗಿ. ಅದ್ರ ಹಿಂದಿಂದು..." ಅವಳೇ ಮೌಸ್ ಕಿತ್ತುಕೊಂಡು ಒಂದೊಂದಾಗಿ ತೆಗೆದಳು. "ವೆರಾಕ್. ಇದೂ ವೆರಾಕ್. ಎಲ್ಲಾ ವೆರಾಕ್! ಅವಳ ಮಫ್ಲರ್ ನೇತುಹಾಕಕ್ಕೆ ಒಂದ್ ಮೊಳೆ ಕೊಡ್ಲಿಲ್ವಲ್ಲ ನೀನು, ನೋಡು, ಎಂಟು ವರ್ಷ ನಿನ್ ಕಿವಿ ಮೇಲೆ ಹೂವಿಟ್ಟಿದಾಳೆ!"

"ಸುಳ್ಳು."

"ದೇವರಾಣೆಗೂ."

ವರ್ನ್ ಒಂದೊಂದೇ ಚಿತ್ರದ ಬಣ್ಣದ ಚೌಕದ ಮೇಲೆ ಬಾಣ ಇಟ್ಟ. ಕಡುಗೆಂಪು ಎಂದು ಹೆಸರು ಮೂಡಿತು. ಮುಂದಿನದರಲ್ಲೂ ಕಡುಗೆಂಪು. ಹಳೆಯ ಹಸಿರು, ಹಳೆಯ ಹಸಿರು ಎಂದು ಊರೆಲ್ಲ ಡಂಗುರ ಹೊಡೆದದ್ದು, ಆ ಜನ ಬಿದ್ದು ಬಿದ್ದು ಹೊಗಳಿದ್ದು, ಪಕ್ಕದಲ್ಲಿ ಕೂತು ಅವಳು ನಕ್ಕದ್ದು, ಎಲ್ಲ ಒಟ್ಟಿಗೆ ನೆನಪಿಗೆ ಬಂತು. ಎಂಟು ಸೀಸನ್ ತನ್ನ ಊರಿನ ಹೆಸರು ಹೇಳಿಕೊಂಡು ಶತ್ರುವಿನ ಜೆರ್ಸಿ ತೊಟ್ಟು ಮೆರೆದಿದ್ದ. ಗೆದ್ದದ್ದೂ ಅದರಲ್ಲೇ. ಕುತ್ತಿಗೆಯಿಂದ ಬಿಸಿ ಏರಿತು. ಕಿವಿ ಉರಿಯಿತು. ಅವನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಮೋಸಗಾತಿ!" ಮೇಜು ಗುದ್ದಿದ. "ವೆರಾಕ್ ಅಂತೆ ವೆರಾಕ್! ನನ್ ಕ್ಲಬ್ಬಿಗೆ!"

"ವರ್ನ್, ಕೈ ನೋವಾಗುತ್ತೆ..."

ಅವನಿಗೆ ಕೇಳಿಸಲಿಲ್ಲ. ಅಡಿಗೆಮನೆಯಿಂದ ಹೊರಟು, ನಲವತ್ತು ವರ್ಷ ಪ್ರತಿ ಜಗಳಕ್ಕೂ ಹೋಗುತ್ತಿದ್ದ ಹಾಗೆಯೇ ದಡದಡ ಹೆಜ್ಜೆ ಹಾಕಿ ಓಣಿಯಂಥ ನಡುಮನೆ ದಾಟಿದ.

"ನೋಲಾ! ಏಯ್ ನೋಲಾ! ಇವತ್ತು ನಿನ್ನ ಬಿಡಲ್ಲ ನಾನು! ಬಾ ಈಚೆಗೆ!"

ಮಲಗುವ ಕೋಣೆಯ ಬಾಗಿಲನ್ನು ದೂಡಿದ. ಬಾಯಲ್ಲಿ ಮುಂದಿನ ಬೈಗಳು ತಯಾರಿತ್ತು. ಹಾಸಿಗೆಯಲ್ಲಿ ಅವನು ಮಲಗುವ ಬದಿ ಸುಕ್ಕಾಗಿತ್ತು, ಇನ್ನೊಂದು ಬದಿ ಹಾಸಿದ ಹಾಗೆಯೇ ಇತ್ತು. ಸಂಜೆಯ ಬಿಸಿಲು ಕಿಟಕಿಯಿಂದ ಒಳಗೆ ಬಿದ್ದಿತ್ತು. ವರ್ನ್ ಬಾಗಿಲಿನಲ್ಲಿ ಕೈ ಎತ್ತಿಕೊಂಡೇ ನಿಂತ.

ಡೆಲ್ ಹಿಂದೆಯೇ ಓಡಿ ಬಂದಳು. ಅವನು ತಿರುಗಿದ. ಮುಖ ಇನ್ನೂ ಸಿಟ್ಟಿನಿಂದ ಕೆಂಪಾಗಿತ್ತು, ಆದರೆ ತುಟಿ ಮಾತು ಕೇಳುತ್ತಿರಲಿಲ್ಲ, ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಬೈಬೇಕು ಅವಳಿಗೆ," ಎಂದ. "ಡೆಲ್, ಎಲ್ಲೋದ್ಲು ಅವಳು? ಎಲ್ಲೋದ್ಲು?"