ವಿಳಾಸ ಹುಡುಕುವವನ ವಿಳಾಸ

ಮನೆಗೆ ಬಣ್ಣ ಹೊಡೆಸಬೇಕು ಅಂತ ಮೊನ್ನೆ ಸಜ್ಜೆಯ ಮೇಲಿದ್ದದ್ದನ್ನೆಲ್ಲ ಕೆಳಗಿಳಿಸಿದೆವು. ನುಸಿಗುಳಿಗೆಯ ವಾಸನೆ ಹೊಡೆಯುತ್ತಿದ್ದ ಒಂದು ನೀಲಿ ಬ್ಯಾಗು ಸಿಕ್ಕಿತು. ಒಳಗೆ ಒಂದು ಕಟ್ಟು ಖಾಲಿ ಫಾರಂ. 'ಸದರಿ ವ್ಯಕ್ತಿಯು ಈ ವಿಳಾಸದಲ್ಲಿ ವಾಸವಾಗಿದ್ದಾರೆಯೇ? ಎಷ್ಟು ಕಾಲದಿಂದ? ನೆರೆಹೊರೆಯವರ ಅಭಿಪ್ರಾಯವೇನು?' ಹಿಂದುಗಡೆ ಖಾಲಿ ಇದೆಯಲ್ಲ, ಚಿತ್ರ ಬರೀತೀನಿ ಅಂತ ಮಗಳು ಅರ್ಧ ಎತ್ತಿಕೊಂಡು ಓಡಿದಳು. ಉಳಿದರ್ಧ ಹಿಡಿದುಕೊಂಡು ನಾನು ಏಣಿಯ ಮೇಲೇ ಕೂತುಬಿಟ್ಟೆ. ಹೆಂಡತಿ ಕೆಳಗಿನಿಂದ ಎರಡು ಸಲ ಕೂಗಿದ್ದು ಕೇಳಿಸಿತು, ಏಳಲಿಲ್ಲ.

ಏಳೆಂಟು ವರ್ಷದ ಹಿಂದೆ ಈ ಫಾರಮ್ಮೇ ನನ್ನ ಹೊಟ್ಟೆಪಾಡು. ಪೀಣ್ಯದ ಕಾರ್ಖಾನೆಗೋ ವೈಟ್‌ಫೀಲ್ಡಿನ ಗಾಜಿನ ಆಫೀಸಿಗೋ ಯಾರಾದರೂ ಹೊಸದಾಗಿ ಸೇರುವ ಮುಂಚೆ, ಅವರು ಕೊಟ್ಟ ವಿಳಾಸ ನಿಜವೋ ಸುಳ್ಳೋ ಅಂತ ನೋಡಿಕೊಂಡು ಬರುವ ಕೆಲಸ. ಬೈಕು, ಹೆಲ್ಮೆಟ್ಟು, ಕುತ್ತಿಗೆಗೆ ಒಂದು ಐಡಿ ಕಾರ್ಡು. ಪಕ್ಕದ ಮನೆ ಬಾಗಿಲು ತಟ್ಟಿ, ಇವರು ಹೇಗೆ ಅಂತ ಕೇಳಬೇಕು. ಬೇಗೂರಿನಲ್ಲಿ ಒಬ್ಬರು ನನ್ನನ್ನು ಗಂಡಿನ ಕಡೆಯವನು, ಹೆಣ್ಣಿನ ಬಗ್ಗೆ ಗುಟ್ಟಾಗಿ ವಿಚಾರಿಸೋಕೆ ಬಂದಿದ್ದೇನೆ ಅಂದುಕೊಂಡು ಉಪ್ಪಿಟ್ಟು, ಕಾಫಿ ಎರಡೂ ಕೊಟ್ಟರು. ತಿಂದಾದ ಮೇಲೆ ನಿಜ ಹೇಳಿದೆ. ಅಷ್ಟು ಮಾನವಿತ್ತು ನನಗೆ.

ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ. ಹೊಸ ಫೋನು ತೊಗೊಂಡಿದ್ದೆ. ಫೈಲ್ ಕೈಗೆ ಬಂದ ಕೂಡಲೇ ಆ ಹೆಸರನ್ನು ಸರ್ಚಿಗೆ ಹಾಕುತ್ತಿದ್ದೆ. ಆಫೀಸಿನವರು ಅದನ್ನು ಹೇಳಿರಲಿಲ್ಲ, ನನ್ನದೇ ಅಧಿಕಪ್ರಸಂಗ. ಯಾರು ಯಾವ ದೇವಸ್ಥಾನಕ್ಕೆ ಹೋದರು, ಯಾರ ಮದುವೆಯಲ್ಲಿ ಎಷ್ಟನೇ ಸಾಲಿನಲ್ಲಿ ನಿಂತಿದ್ದರು, ಎಲ್ಲ ನೋಡಿಕೊಂಡು ಹೋಗಿ, ಏನೂ ಗೊತ್ತಿಲ್ಲದವನ ಹಾಗೆ ಬಾಗಿಲು ತಟ್ಟುವುದು. ಇನ್ನು ಹಂಚಿಕೊಳ್ಳುವುದರಲ್ಲಂತೂ ನನ್ನನ್ನು ಮೀರಿಸುವವರಿರಲಿಲ್ಲ. ರಕ್ತ ಬೇಕಾಗಿದೆ, ಪರ್ಸ್ ಸಿಕ್ಕಿದೆ, ವ್ಯಕ್ತಿ ಕಾಣೆಯಾಗಿದ್ದಾರೆ, ಏನು ಬಂದರೂ ಪೂರ್ತಿ ಓದುವ ಮುಂಚೆಯೇ ಹತ್ತು ಕಡೆಗೆ ಕಳಿಸುತ್ತಿದ್ದೆ. ಕೂತಲ್ಲೇ ಪುಣ್ಯ ಬರುತ್ತಲ್ಲ ಅಂತ.

ಒಂದು ದಿನ ಬಾಗಲಗುಂಟೆಯ ಒಂದು ಫೈಲ್ ಬಂತು. ಪೀಣ್ಯದ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡುವ ಕೆಲಸಕ್ಕೆ ಆಯ್ಕೆಯಾದ ಹುಡುಗಿ, ವಿಜಯಪುರದ ಕಡೆಯವಳು. ಆ ಕಡೆಯವರ ಮನೆತನದ ಹೆಸರು ನಿಮಗೆ ಗೊತ್ತಲ್ಲ, ಒಂದೊಂದೂ ಒಂದೊಂದು ಥರ, ಒಮ್ಮೆ ಕೇಳಿದರೆ ಮರೆಯುವ ಹಾಗಿಲ್ಲ. ಸರ್ಚಿಗೆ ಹಾಕಿದ ತಕ್ಷಣ ಮೇಲೆಯೇ ಬಂತು: 'ಕಾಣೆಯಾಗಿದ್ದಾರೆ. ಗೋಧಿ ಮೈಬಣ್ಣ, ದುಂಡು ಮುಖ, ಮನೆಯಿಂದ ಹೋಗುವಾಗ ಹಸಿರು ಚೂಡಿದಾರ. ಸುಳಿವು ಸಿಕ್ಕವರು ಈ ನಂಬರಿಗೆ ತಿಳಿಸಿ.' ಫೈಲಿನಲ್ಲಿದ್ದ ಫೋಟೋ, ಇಲ್ಲಿದ್ದ ಫೋಟೋ, ಎರಡೂ ಒಂದೇ ಮುಖ. ಕೆಳಗೆ, ಮೂರು ತಿಂಗಳ ಹಿಂದೆ ಇದನ್ನು ಹಂಚಿದವರ ಪೈಕಿ ನನ್ನ ಹೆಸರೂ ಇತ್ತು.

ನನ್ನ ಎದೆ ಉಬ್ಬಿದ್ದು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಮನೆಯವರ ಕಣ್ಣೀರು ಒರೆಸುವವನು ನಾನೇ ಅಂದುಕೊಂಡೆ. ಅವಳು ಕೊಟ್ಟ ವಿಳಾಸದ ಬೀದಿಗೆ ಹೋಗಿ, ತಿರುವಿನಲ್ಲೇ ಬೈಕು ನಿಲ್ಲಿಸಿ ಆ ನಂಬರಿಗೆ ಫೋನ್ ಮಾಡಿದೆ. ಎರಡು ಸಲ ರಿಂಗಾಯಿತು, ಯಾರೂ ಎತ್ತಲಿಲ್ಲ. ಸರಿ, ಮೊದಲು ಹುಡುಗಿಯನ್ನು ಕಣ್ಣಾರೆ ನೋಡೋಣ ಅಂತ ಒಳಗೆ ಹೋದೆ.

ಅದು ಸಾಲಾಗಿ ಆರು ರೂಮುಗಳ ವಠಾರ. ಓನರಮ್ಮ ಮುನಿರತ್ನಮ್ಮ, ಬಾಗಲಗುಂಟೆ ಇನ್ನೂ ರಾಗಿ ಹೊಲವಾಗಿದ್ದ ಕಾಲದಿಂದ ಅಲ್ಲೇ ಇದ್ದವರು. ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಹುಡುಗಿಯೂ ಪಕ್ಕದಲ್ಲೇ ಕೂತು ಕೈಜೋಡಿಸಿದ್ದಳು. ನಾನು ಫಾರಮ್ಮಿನ ಮಾತೆಲ್ಲ ಬಿಟ್ಟು, ನಿಮ್ಮ ಮನೆಯವರು ಎಷ್ಟು ಹುಡುಕ್ತಿದ್ದಾರೆ ಗೊತ್ತೇನಮ್ಮ, ಅಂತ ಶುರು ಮಾಡಿಯೇಬಿಟ್ಟೆ.

ಹುಡುಗಿಯ ಕೈಯಲ್ಲಿದ್ದ ಕಾಳು ಹಾಗೇ ಉಳಿಯಿತು. ಮುನಿರತ್ನಮ್ಮ ಮಾತ್ರ ಏನೂ ಆಗದವರ ಹಾಗೆ ನನಗೊಂದು ಮಣೆ ತಳ್ಳಿದರು. ಕೂತೆ. ನಿನ್ನ ಹೆಸರೇನು, ಯಾವೂರು, ಹೆಂಡತಿ ಮನೆ ಯಾವ ಕಡೆ, ಮಗು ಯಾವ ಸ್ಕೂಲು, ಅಂತ ಒಂದೊಂದೇ ಕೇಳಿದರು. ಹೇಳುತ್ತಾ ಹೋದೆ. ಅಪ್ಪನ ಜೊತೆ ಮಾತು ಬಿಟ್ಟಿದ್ದೀಯಾ ಅಂತಲೂ ಕೇಳಿದರು. ಅದಕ್ಕೆ ನನಗೆ ಸಿಟ್ಟು ಬಂತು. ಅದೆಲ್ಲ ನಿಮಗ್ಯಾಕಮ್ಮ ಅಂದೆ.

"ಅಂಗೇ ಕಣಪ್ಪ ಈ ಉಡ್ಗೀಗೂ" ಅಂದರು.

ಆಮೇಲೆ ವಿಷಯ ಹೇಳಿದರು. ಹುಡುಗಿ ಡಿಪ್ಲೊಮಾ ಮುಗಿಸಿದವಳು. ಸೋದರಮಾವನಿಗೇ ಕೊಡುತ್ತೇವೆ ಅಂತ ಮನೆಯಲ್ಲಿ ಹಟ ಹಿಡಿದರು. ಬೇಡ ಅಂತ ಎರಡು ವರ್ಷ ಹೇಳಿ ಹೇಳಿ ಸಾಕಾಗಿ, ಚೀಟಿ ಬರೆದಿಟ್ಟು ಬಸ್ ಹತ್ತಿದಳು. ಇಲ್ಲಿಗೆ ಬಂದವಳು ಮೊದಲು ಹೋದದ್ದೇ ಪೊಲೀಸ್ ಸ್ಟೇಷನ್ನಿಗೆ. ನನಗೆ ಹದಿನೆಂಟು ದಾಟಿದೆ, ನನ್ನಿಷ್ಟದಿಂದ ಬಂದಿದ್ದೇನೆ ಅಂತ ಬರೆದುಕೊಟ್ಟಳು. ಜೊತೆಗೆ ಹೋಗಿದ್ದು ಮುನಿರತ್ನಮ್ಮನೇ. ಪೊಲೀಸರು ಊರಿಗೂ ತಿಳಿಸಿ ಫೈಲ್ ಮುಚ್ಚಿದರು. ಫೋನುಗಳಲ್ಲಿ ಓಡಾಡುತ್ತಿದ್ದುದನ್ನು ಮುಚ್ಚುವವರು ಯಾರು? ಆ ಹುಡುಗಿ ಪೇಟೆಗೆ ಹೋಗುವಾಗ ಮುಖಕ್ಕೆ ದುಪಟ್ಟಾ ಸುತ್ತಿಕೊಂಡೇ ಹೋಗುತ್ತಿದ್ದಳಂತೆ. ಅದಕ್ಕೆ ಕಾರಣ ನನ್ನಂಥ ಪುಣ್ಯಾತ್ಮರು.

ಅಷ್ಟರಲ್ಲಿ ನನ್ನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಹೊರಗೆ ತೆಗೆದೆ. ನಂಬರ್ ನೋಡಿ ಹುಡುಗಿಯ ಮುಖ ಬಿಳಿಚಿಕೊಂಡಿತು. ಮಾವನದು. ತಪ್ಪಾಯಿತು, ಬೀದಿಯಲ್ಲಿ ನಿಂತು ಮಾಡಿಬಿಟ್ಟೆ ಅಂತ ನಾನು ತೊದಲಿದೆ. ಎತ್ತದೆ ಬಿಡೋಣ ಅಂದೆ. ಅವಳು ಬೇಡವೆಂದು ತಲೆಯಾಡಿಸಿದಳು.

"ಸರ, ಸತ್ತಿಲ್ಲ ಅಂತ ಹೇಳ್ರಿ. ಎಲ್ಲಿ ಅದೀನಿ ಅಂತ ಮಾತ್ರ ಹೇಳಬ್ಯಾಡ್ರಿ."

ಎತ್ತಿದೆ. ಹುಡುಗಿ ಚೆನ್ನಾಗಿದ್ದಾಳೆ, ಕೆಲಸ ಸಿಕ್ಕಿದೆ, ಎಲ್ಲಿ ಅನ್ನುವುದನ್ನು ಹೇಳೋದಿಲ್ಲ ಅಂದೆ. ಆ ಕಡೆಯವರು ಬಾಯಿಗೆ ಬಂದಂತೆ ಬೈದರು. ಆಮೇಲೆ ಯಾರೋ ಫೋನು ಕಿತ್ತುಕೊಂಡ ಸದ್ದಾಯಿತು. ಹೆಂಗಸಿನ ದನಿ. "ಯಪ್ಪಾ, ಹೊಟ್ಟಿ ತುಂಬ ಉಣ್ತಾಳೇನು?" ಹೂಂ ಅಮ್ಮ, ಉಣ್ತಾಳೆ ಅಂದೆ. ಹುಡುಗಿ ಅವರೆಕಾಯಿಯ ಮೊರಕ್ಕೆ ಮುಖ ಬಗ್ಗಿಸಿ ಅಳುತ್ತಿದ್ದಳು.

ನನ್ನ ಫಾರಂ ತುಂಬಲೇಬೇಕಿತ್ತಲ್ಲ. ವಾಸವಾಗಿದ್ದಾರೆ, ಮೂರು ತಿಂಗಳಿಂದ, ಅಂತ ಬರೆದೆ. ನೆರೆಹೊರೆಯವರ ಅಭಿಪ್ರಾಯಕ್ಕೆ ಮುನಿರತ್ನಮ್ಮ, ದಿನಾ ಬಾಗ್ಲಿಗೆ ನೀರಾಕಿ ರಂಗೋಲೆ ಬಿಡ್ತಾಳೆ, ಬರ್ಕೋ ಅಂದರು. ಅದನ್ನೇ ಬರೆದೆ. ನನ್ನ ಫಾರಮ್ಮುಗಳಲ್ಲಿ ಅಷ್ಟು ಒಳ್ಳೆಯ ಸಾಲು ಇನ್ನೊಂದಿರಲಿಲ್ಲ.

ಇಷ್ಟಕ್ಕೇ ಮುಗಿಯಿತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಮೂರನೇ ದಿನ ಭಾನುವಾರ ಬೆಳಗ್ಗೆ, ಮಾಕಳಿಯಲ್ಲಿರುವ ನಮ್ಮ ಮನೆ ಮುಂದೆ ಒಂದು ಜೀಪು ಬಂದು ನಿಂತಿತು. ಮಾವ, ಜೊತೆಗಿಬ್ಬರು. ಮನೆ ಹೇಗೆ ಸಿಕ್ಕಿತು ಅಂತ ಕೇಳಿದರೆ, ಆ ಮನುಷ್ಯ ಫೋನು ನನ್ನ ಮುಖಕ್ಕೆ ಹಿಡಿದ. ನಮ್ಮ ಗೃಹಪ್ರವೇಶದ ಕರೆಯೋಲೆ! ಬಂಧುಮಿತ್ರರೆಲ್ಲ ಬರಲಿ ಅಂತ, ಹಿಂದಿನ ಪುಟದ ರೂಟ್ ಮ್ಯಾಪಿನ ಸಮೇತ ನಾನೇ ಎಲ್ಲರಿಗೂ ಕಾಣುವ ಹಾಗೆ ಫೋನಿನಲ್ಲಿ ಹಾಕಿದ್ದೆ. ತುಮಕೂರು ರಸ್ತೆಯಲ್ಲಿ ಎಲ್ಲಿ ಎಡಕ್ಕೆ ತಿರುಗಬೇಕು, ಯಾವ ಪೆಟ್ರೋಲ್ ಬಂಕಿನ ಹಿಂದೆ, ಎಲ್ಲ ಬಾಣದ ಗುರುತಿನಲ್ಲಿತ್ತು. ಕೆಳಗೆ ನನ್ನ ನಂಬರು. ಮಗಳ ಸ್ಕೂಲಿನ ಹೆಸರೂ ಅವರಿಗೆ ಗೊತ್ತಿತ್ತು, ಯೂನಿಫಾರಂ ಹಾಕಿದ ಮೊದಲ ದಿನದ ಫೋಟೋದಿಂದ. ಅವರು ಅದನ್ನು ಹೇಳಿದ ಕೂಡಲೇ ಮಗಳನ್ನು ಒಳಗೆ ಕಳಿಸಿದೆ. ಇಷ್ಟು ವರ್ಷ ನಾನು ಊರವರ ಬಾಗಿಲಲ್ಲಿ ನಿಂತದ್ದು ಹೇಗಿತ್ತು ಅಂತ ಅವತ್ತು ಅರ್ಥವಾಯಿತು.

ಹೆಂಡತಿಗೆ ಎಲ್ಲವನ್ನೂ ಮೊದಲೇ ಹೇಳಿದ್ದೆ, ಅದೊಂದು ಪುಣ್ಯ. ಅವಳು ಮೂವರಿಗೂ ಇಡ್ಲಿ ಹಾಕಿಕೊಟ್ಟಳು. ಮಾವ ನಡುಮನೆಯಲ್ಲಿ ಕೂತು, ಅಡ್ರೆಸ್ ಸಿಗುವವರೆಗೆ ಏಳುವುದಿಲ್ಲ ಅಂದ. ಮಧ್ಯಾಹ್ನದವರೆಗೂ ಕೂತ. ಹೆದರಿಕೆಗೆ ಎರಡು ಮೂರು ಸಲ ಹೇಳಿಬಿಡೋಣ ಅನ್ನಿಸಿತು ನನಗೆ, ಅದನ್ನೂ ಮುಚ್ಚಿಡುವುದಿಲ್ಲ. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಕೊನೆಗೆ ಅವಳೇ ಹೊರಗೆ ಬಂದಳು.

"ನೋಡಿ ಅಣ್ಣ, ಅವಳಿಗೆ ಬೇಕಾದಾಗ ಅವಳೇ ಹೇಳ್ತಾಳೆ. ಇವರು ಹೇಳಿದ್ರೆ ಈ ಮನೇಲಿ ನಾನಿರಲ್ಲ."

ಅವರು ಎದ್ದು ಹೋದರು. ಕಾರ್ಖಾನೆ ಯಾವುದು ಅಂತ ಅವರಿಗೆ ಕೊನೆಗೂ ಗೊತ್ತಾಗಲಿಲ್ಲ, ಹುಡುಗಿ ಕೆಲಸಕ್ಕೆ ಸೇರಿದಳು. ನಾನು ಅವತ್ತು ಸಂಜೆಯೇ ಕೂತು ಕರೆಯೋಲೆ, ಸ್ಕೂಲಿನ ಫೋಟೋ, ಆ ಕಾಣೆಯಾದ ಪ್ರಕಟಣೆ ಎಲ್ಲ ಅಳಿಸಿದೆ. ಪ್ರಕಟಣೆ ಕಳಿಸಿದವರಿಗೆಲ್ಲ ಒಬ್ಬೊಬ್ಬರಿಗೇ ಫೋನು ಮಾಡಿ, ಹುಡುಗಿ ಕ್ಷೇಮ, ದಯವಿಟ್ಟು ತೆಗೆಯಿರಿ ಅಂತ ಕೇಳಿಕೊಂಡೆ. ಕೆಲವರು ತೆಗೆದರು. ಕೆಲವರು, ಇರಲಿ ಬಿಡು ಗುರು, ಅದರಲ್ಲೇನಿದೆ ಅಂದರು. ವರ್ಷದೊಳಗೆ ನಾನು ಆ ಕೆಲಸವನ್ನೂ ಬಿಟ್ಟೆ. ಮುನಿರತ್ನಮ್ಮ ಈಗಿಲ್ಲ. ಅವರು ತಳ್ಳಿದ ಆ ಮಣೆಗೆ ನಾನು ಇವತ್ತಿಗೂ ಋಣಿ. ಬೈದು ಅಟ್ಟಬಹುದಿತ್ತು ನನ್ನನ್ನು, ಕೂರಿಸಿ ಬುದ್ಧಿ ಹೇಳಿದರು.

ಮೊನ್ನೆ ಏಣಿಯಿಂದ ಇಳಿದವನೇ ಆ ಹುಡುಗಿಗೆ ಫೋನ್ ಮಾಡಿದೆ. ಹುಡುಗಿ ಅನ್ನುವುದು ನನ್ನ ಅಭ್ಯಾಸ, ಈಗ ಅವಳ ಕೈಕೆಳಗೆ ಹನ್ನೆರಡು ಜನ ಇದ್ದಾರೆ. ಹಬ್ಬಕ್ಕೊಮ್ಮೆ ಅವಳೇ ಮಾತಾಡಿಸುತ್ತಾಳೆ. ಬಾಗಲಗುಂಟೆ ಬಿಟ್ಟ ಮೇಲೆ ಎಲ್ಲಿದ್ದೀಯ ಅಂತ ನಾನು ಇಷ್ಟು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ನಿನ್ನ ಕಥೆ ಬರೆಯಬಹುದಾ ಅಂದೆ. ಹೆಸರೊಂದು ಬಿಟ್ಟು ಬರೀರಿ ಸರ ಅಂದಳು. ಆಮೇಲೆ, ಅವ್ವ ಬಂದಾಳ, ಎಂಟು ದಿನ ಆತು, ನಾನೇ ಚೀಟಿ ಬರೆದು ಕರೆಸಿದೆ ಅಂದಳು. ಹಿಂದಿನಿಂದ ಪಾತ್ರೆಯ ಸದ್ದು ಕೇಳಿಸುತ್ತಿತ್ತು.

"ನೀವೂ ಅಕ್ಕಾರನ್ನ ಕರಕೊಂಡು ಊಟಕ್ಕ ಬರ್ರಿ ಸರ. ಅಡ್ರೆಸ್ ಹೇಳ್ತೀನಿ, ಬರಕೋರಿ."

ಪೆನ್ನು ಹುಡುಕಿ ತಂದು ಬರೆದುಕೊಂಡೆ. ಅಡ್ಡರಸ್ತೆ, ಮಹಡಿ, ಬಾಗಿಲ ನಂಬರು, ಎಲ್ಲ ಅವಳೇ ನಿಧಾನವಾಗಿ ಹೇಳಿದಳು. ಬರುವ ಭಾನುವಾರ ಹೋಗುತ್ತಿದ್ದೇವೆ. ಎಲ್ಲಿಗೆ ಅಂತ ನೀವು ಕೇಳಬಾರದು, ನಾನು ಹೇಳುವವನೂ ಅಲ್ಲ.