ಕುತ್ರೆ ಕಾರ್ನರ್

ನಮ್ಮ ಕಡೆ ಕಾರ್ ರೇಸು ಹೇಗೆ ಶುರುವಾಯಿತು ಅಂತ ನೀವು ಮೊಮ್ಮಕ್ಕಳು ಚಿಕ್ಕಜ್ಜನನ್ನು ಕೇಳಿದ್ದು ನನಗೆ ಒಳಗೆ ಕೇಳಿಸಿತು. ಅವನು ಹೇಳಿದ್ದೂ ಕೇಳಿಸಿತು. ಎಷ್ಟು ಜನ ಸೇರಿದ್ದರು, ಯಾವ ಜೀಪು ಎಷ್ಟು ಎತ್ತರ ಹಾರಿತು, ಮೈಕಿನವನು ಏನು ಕೂಗಿದ, ಎಲ್ಲ ಹೇಳಿದ. ಅದು ನಡೆದ ಗದ್ದೆ ಯಾರದ್ದು ಅಂತ ಹೇಳಲಿಲ್ಲ. ನಾಲ್ಕು ಜನರ ಎದುರು ಮಾತಾಡುವ ಅಭ್ಯಾಸ ನನಗಿಲ್ಲ. ಊರ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅದಕ್ಕೆ ರೇಸು ಅನ್ನುವ ಹೆಸರೇ ಇರಲಿಲ್ಲ. ಕಾಫಿ ತೋಟದ ಮನೆಗಳ ಹುಡುಗರು ಸಂತೆ ಮುಗಿಸಿ ವಾಪಸು ಹೋಗುವಾಗ, ಕೊಪ್ಪದಿಂದ ಹರಿಹರಪುರಕ್ಕೆ ಯಾರ ಜೀಪು ಮೊದಲು ಮುಟ್ಟುತ್ತದೆ ಅಂತ ಓಡಿಸುತ್ತಿದ್ದರು. ಚೀಲ ಹೊತ್ತು ನಡೆಯುವ ನಾವು ಚರಂಡಿಗೆ ಇಳಿದು ನಿಲ್ಲಬೇಕಿತ್ತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಹೊರಗಿನವರು ರ‍್ಯಾಲಿ ಅಂತ ತಂದರು. ತೋಟದ ಮಣ್ಣುರಸ್ತೆಗೆ ಹಗ್ಗ ಕಟ್ಟಿ, ಗಾಡಿ ಮುಗಿಯುವ ತನಕ ಯಾರೂ ದಾಟುವಂತಿಲ್ಲ ಅಂದರು. ನಾನು ಡೈರಿಗೆ ಹಾಲು ಹಾಕುವವಳು. ಹಗ್ಗದ ಈಚೆ ಬಿಸಿಲಲ್ಲಿ ನಿಂತೇ ಇದ್ದೆ, ಕ್ಯಾನಿನಲ್ಲಿ ಹಾಲು ಕೆಟ್ಟಿತು. ಹಗ್ಗ ಕಾಯುತ್ತಿದ್ದವನು, "ಇನ್ನೊಂದೇ ಗಾಡಿ ಅಮ್ಮ" ಅನ್ನುತ್ತಲೇ ಇದ್ದ. ಆವತ್ತಿನಿಂದಲೇ ನನಗೆ ಆ ಗಾಡಿಗಳ ಸದ್ದು ಕೇಳಿದರಾಗದು.

ಗದ್ದೆಯಲ್ಲಿ ರೇಸು ಮಾಡುವ ಬುದ್ಧಿ ಬಂದದ್ದು ಆಮೇಲೆ. ನರಸಿಂಹರಾಜಪುರದ ಕಡೆ ಯಾರೋ ಕೊಯ್ಲಾದ ಗದ್ದೆಯಲ್ಲಿ ಗಾಡಿ ಸುತ್ತು ಹೊಡೆಸಿದ್ದನ್ನು ನಿಮ್ಮ ಚಿಕ್ಕಜ್ಜ, ಅಂದರೆ ನನ್ನ ಮೈದುನ, ನೋಡಿ ಬಂದ. ಬಂದವನ ಕಣ್ಣು ನಮ್ಮ ಬೈಲುಗದ್ದೆಯ ಮೇಲೆ ಬಿತ್ತು. ಆ ಗದ್ದೆ ಪಾಲಿನಲ್ಲಿ ನಿಮ್ಮ ಅಜ್ಜನಿಗೆ ಬಂದದ್ದು. ಅಜ್ಜ ತೀರಿಕೊಂಡು ಒಂದು ವರ್ಷ ಕಳೆದಿತ್ತು. ಉಳುಮೆ, ನಾಟಿ, ಕೊಯ್ಲು, ಎಲ್ಲ ನಾನೇ ನಿಂತು ಮಾಡಿಸುತ್ತಿದ್ದೆ. ಆದರೂ ಆ ಗದ್ದೆಯ ಮಾತು ಬಂದಾಗ ಊರವರು ಅವನ ಮುಖ ನೋಡುತ್ತಿದ್ದರು.

ಕುತ್ರೆಯ ವಿಷಯ ನಿಮಗೆ ಗೊತ್ತಿರಲಿಕ್ಕಿಲ್ಲ. ಕೊಯ್ದ ಭತ್ತದ ಹೊರೆಗಳನ್ನು ತೆನೆ ಒಳಗೆ ಬರುವ ಹಾಗೆ ದುಂಡಗೆ ಒಟ್ಟಿ ಇಡುತ್ತಿದ್ದೆವು, ಅದೇ ಕುತ್ರೆ. ಗದ್ದೆಯ ನಡುವೆಯೇ ನೆಲ ಕೆತ್ತಿ, ಸಗಣಿ ಸಾರಿಸಿ ಕಣ ಮಾಡಿ, ಅದರ ಪಕ್ಕ ಒಟ್ಟುತ್ತಿದ್ದೆವು. ಒಕ್ಕುವ ದಿನ ಮನೆಯ ಗಂಡಸು ಕೈ ಮುಗಿದು ಮೊದಲ ಹೊರೆ ಇಳಿಸಬೇಕು, ಆಮೇಲೆ ಆಳುಗಳು ಕೈ ಹಾಕಬೇಕು. ಇದು ನಮ್ಮ ಮನೆಯ ಪದ್ಧತಿ. ಅಜ್ಜ ಹೋದ ವರ್ಷ ನಾನೇ ಇಳಿಸಲು ಹೋದೆ. ಆಳುಗಳೆಲ್ಲ ನೋಡುತ್ತಿದ್ದಂತೆ ಮೈದುನ, "ನೀವು ಮುಟ್ಟಬೇಡಿ ಅತ್ತಿಗೆ, ಮನೆಗೆ ಒಳ್ಳೇದಲ್ಲ" ಅಂದ. ನಾನು ಕೈ ಹಿಂದೆ ತೆಗೆದುಕೊಂಡೆ. ಹೊರೆ ಅವನೇ ಇಳಿಸಿದ.

ಮರುವರ್ಷ ಕುತ್ರೆ ಒಟ್ಟಿ ಆಗಿತ್ತು. ಒಂದು ಬೆಳಿಗ್ಗೆ ಅವನು ಬಂದು ಜಗಲಿಯಲ್ಲಿ ಕೂತ.

"ಅತ್ತಿಗೆ, ಮುಂದಿನ ಭಾನುವಾರ ಬೈಲುಗದ್ದೆ ಬೇಕು. ಮಾತು ಕೊಟ್ಟಾಯ್ತು."

"ಯಾರು ಕೊಟ್ಟಿದ್ದು?"

"ನಾನೇ. ಅಣ್ಣ ಇಲ್ಲ, ಮತ್ಯಾರು ಕೊಡ್ತಾರೆ?"

"ಕುತ್ರೆ ಇದೆ ಗದ್ದೇಲಿ."

"ಅಷ್ಟ್ರೊಳಗೆ ಬಂದು ಇಳಿಸ್ತೀನಿ. ಒಕ್ಕಿದ್ರೆ ಮುಗೀತಲ್ಲ."

ಬರಲಿಲ್ಲ. ಹೇಳಿ ಕಳಿಸಿದೆ. ಮೈಕಿನವನನ್ನು ಗೊತ್ತು ಮಾಡಲು ಶೃಂಗೇರಿಗೆ ಹೋಗಿದ್ದಾನೆ ಅಂದರು. ಮತ್ತೆ ಹೇಳಿ ಕಳಿಸಿದೆ. ನಾಳೆ ಅಂದ. ಒಕ್ಕುವುದಕ್ಕೆ ನಾನು ಹೇಳಿಟ್ಟಿದ್ದ ಆಳುಗಳನ್ನೇ ಕರೆದುಕೊಂಡು ಹೋಗಿ ಗದ್ದೆಯ ಅಂಚು ಕಡಿಸಿದ. ಅಂಚು ಇದ್ದರೆ ತಾನೇ ಗದ್ದೆಯಲ್ಲಿ ನೀರು ನಿಲ್ಲುವುದು. ಗಾಡಿಗೆ ಅದು ಅಡ್ಡ ಬರುತ್ತದಂತೆ. ನನ್ನನ್ನು ಒಂದು ಮಾತು ಕೇಳಲಿಲ್ಲ.

ಶನಿವಾರ ಟಯರು ಹೂಳಿ ದಾರಿ ಗುರುತು ಮಾಡುತ್ತಾ ಬಂದವರು ಕುತ್ರೆಯ ಮುಂದೆ ನಿಂತರು. ನಾನೂ ಅಲ್ಲೇ ಇದ್ದೆ.

"ಎಂತ ಅತ್ತಿಗೆ, ಇದಿನ್ನೂ ಇಲ್ಲೇ ಇದ್ಯಲ್ಲ."

"ಅದಕ್ಕೇನು ಕಾಲಿದ್ಯಾ?"

ಜೊತೆಗೆ ಬಂದಿದ್ದ ಪೇಟೆಯ ಗ್ಯಾರೇಜಿನವನು ನಕ್ಕ. "ಬಿಡಿ ಮಾರಾಯ್ರೆ, ಎಲ್ರೂ ಕೈ ಹಾಕಿದ್ರೆ ಆಚೆ ಎಸೀಬೋದು."

"ಒಣಗಿದ ಹೊರೆ ಎಸೆದ್ರೆ ಹುಲ್ಲು ಆಚೆ ಹೋಗ್ತದೆ, ಕಾಳು ಇಲ್ಲೇ ಉದುರ್ತದೆ" ಅಂದೆ. ಮೈದುನನಿಗೆ, "ಒಕ್ಕೋದಾದ್ರೆ ಮೊದಲ ಹೊರೆ ಇಳಿಸು. ನಾನು ಬೇಡ ಅನ್ನಲ್ಲ" ಅಂದೆ.

"ಈಗ ಒಕ್ಕೋಕೆ ಆಳು ಎಲ್ಲಿದಾರೆ?"

"ನನ್ನ ಅಂಚು ಕಡೀತಿದಾರೆ."

ಅವನ ಮುಖ ಕೆಂಪಾಯಿತು. "ಹಂಗಾರೆ ನೀವೇ ಇಳಿಸ್ಕೊಳ್ಳಿ, ಏನಾದ್ರೂ ಮಾಡ್ಕೊಳ್ಳಿ. ನಾಳೆ ಇದು ಇಲ್ಲಿರಬಾರದು."

"ಹೋದ ವರ್ಷ ಮನೆಗೆ ಒಳ್ಳೇದಲ್ಲದ್ದು ಈ ವರ್ಷ ಹೆಂಗೆ ಒಳ್ಳೇದಾಯ್ತು?"

ನಾನು ಅಷ್ಟು ಜನ ಗಂಡಸರ ಎದುರು ಆಡಿದ ಮೊದಲ ಮಾತು ಅದು. ಹಾಗೇ ಕುತ್ರೆಗೆ ಒರಗಿ ಕಣದಲ್ಲಿ ಕೂತುಬಿಟ್ಟೆ. ಸಂಜೆಯಾದರೂ ಏಳಲಿಲ್ಲ. ಕೊನೆಗೆ ಅವರು ಗೊಣಗುತ್ತಾ ಟಯರು ಕಿತ್ತು, ಕುತ್ರೆಯನ್ನು ಸುತ್ತಿ ಹೋಗುವ ಹಾಗೆ ದಾರಿ ತಿರುಗಿಸಿದರು.

ಭಾನುವಾರ ಕಮ್ಮರಡಿ, ನಾರ್ವೆ, ಎಲ್ಲ ಕಡೆಯಿಂದ ಜನ ಬಂದು ಗದ್ದೆಗಿಂತ ಎತ್ತರದ ಮಣ್ಣಿನ ದರೆಯ ಮೇಲೆ ಸಾಲಾಗಿ ಕೂತರು. ಸೈಲೆನ್ಸರ್ ಬಿಚ್ಚಿದ ಗಾಡಿಗಳ ಸದ್ದಿಗೆ ಕೊಟ್ಟಿಗೆಯಲ್ಲಿ ದನ ಹಗ್ಗ ಜಗ್ಗುತ್ತಿದ್ದವು. ಮೈಕಿನವನಿಗೆ ಅವತ್ತು ಆ ತಿರುವೇ ಸಿಕ್ಕಿಬಿಟ್ಟಿತು. ಗಾಡಿ ಬಂದಾಗಲೆಲ್ಲ "ಕುತ್ರೆ ಕಾರ್ನರ್, ಕುತ್ರೆ ಕಾರ್ನರ್" ಅಂತ ಕೂಗುತ್ತಿದ್ದ. ನಿಮ್ಮ ಅಮ್ಮನಿಗೆ ಆಗ ಕಾಲೇಜು. ದರೆಯ ತುದಿಯಲ್ಲಿ ನಿಂತಿದ್ದ ನನ್ನ ಪಕ್ಕಕ್ಕೆ ಬಂದು, "ರೇಸು ನೋಡಲ್ಲ ಅಂದಿದ್ಯಲ್ಲಮ್ಮ" ಅಂದಳು.

"ರೇಸು ನೋಡ್ತಿಲ್ಲ. ಕುತ್ರೆ ನೋಡ್ತಿದೀನಿ."

ಕೊನೆಯಲ್ಲಿ ಊರವರ ಜೀಪುಗಳನ್ನು ಬಿಟ್ಟರು. ಮೈದುನ ಯಾರದೋ ಜೀಪು ತಂದಿದ್ದ. ಮೊದಲ ಸುತ್ತು ಸರಿಯಾಗಿ ಹೋದ. ಎರಡನೆಯ ಸುತ್ತಿನಲ್ಲಿ, ಜನ ಕೂಗುವುದನ್ನು ಕೇಳಿ ದರೆಯ ಕಡೆ ಕೈ ಬೀಸಿದ. ತಿರುವು ತಪ್ಪಿತು. ಸಗಣಿ ಸಾರಿಸಿದ ಕಣದ ಮೇಲೆ ಜೀಪು ಜಾರಿ ನೇರ ಕುತ್ರೆಗೆ ನುಗ್ಗಿತು. ಅವನಿಗೆ ಪೆಟ್ಟಾಗಲಿಲ್ಲ. ತಲೆಯ ಮೇಲೆ ಹುಲ್ಲು ಹೊತ್ತುಕೊಂಡು ಇಳಿದು ಬಂದ.

ನಮ್ಮ ಮನೆಗೆ ನಾಟಿಗೆ ಬರುತ್ತಿದ್ದ ಮುದುಕಿಯೊಬ್ಬಳು ಪಕ್ಕದಲ್ಲಿದ್ದಳು. ದರೆಯ ಮೇಲಿನವರಿಗೆಲ್ಲ ಕೇಳುವ ಹಾಗೆ, "ಅಂತೂ ಮನೆ ಗಂಡಸು ಬಂದು ಮೊದಲ ಹೊರೆ ಇಳಿಸಿದ್ರಲ್ಲ ಅಮ್ಮ. ನಾಳೆ ಒಕ್ಕಬೋದು" ಅಂದಳು. ಜನ ಬಿದ್ದು ಬಿದ್ದು ನಕ್ಕರು. ಮೈಕಿನವನೂ ನಕ್ಕ. ನನಗೆ ನಗು ಬರಲಿಲ್ಲ. ಚಕ್ರದ ಅಡಿಯಲ್ಲಿ ಭತ್ತ ಆಯಿಲಿನ ಜೊತೆ ಕಲಸಿಹೋಗಿತ್ತು. ಮರುದಿನ ನಾನೂ ಮುದುಕಿಯೂ ಮೊರ ಹಿಡಿದು ಕೂತು ಆರಿಸಿದೆವು. ಆರಿಸಲಾಗದ್ದನ್ನು ಕೋಳಿಗೂ ಹಾಕಲಾಗಲಿಲ್ಲ. ಮಳೆಗಾಲ ಬಂದಾಗ ಗದ್ದೆಯಲ್ಲಿ ನೀರು ನಿಲ್ಲಲಿಲ್ಲ. ಅಂಚು ಕಟ್ಟಿಸುವ ಹೊತ್ತಿಗೆ ಅಗೆಯ ಸಸಿ ಬಲಿತುಹೋಗಿತ್ತು, ನಾಟಿ ತಡವಾಯಿತು. ಚಿಕ್ಕಜ್ಜ ಆ ಕಡೆ ತಲೆ ಹಾಕಲಿಲ್ಲ.

ಮುಂದಿನ ಕೊಯ್ಲಿಗೆ ನಾನು ಯಾರಿಗೂ ಹೇಳಿ ಕಳಿಸಲಿಲ್ಲ. ಕೈ ಮುಗಿದು ಮೊದಲ ಹೊರೆ ನಾನೇ ಇಳಿಸಿದೆ. ಒಕ್ಕಿ ಮುಗಿದ ಕೂಡಲೇ ನೆಲದಲ್ಲಿ ಹಸಿ ಇರುವಾಗಲೇ ಉಳುಮೆ ಮಾಡಿಸಿ, ಉದ್ದು ಬಿತ್ತಿಸಿದೆ. ಕೊಯ್ಲಾದ ಗದ್ದೆಗೆ ಊರ ದನ ಬಿಡುವುದು ವಾಡಿಕೆ, ಆದ್ದರಿಂದ ಸುತ್ತ ಮುಳ್ಳು ಹಾಕಿಸಿದೆ. ಅದಕ್ಕೆ ಊರವರೂ ಬೈದರು. ಬೈದುಕೊಳ್ಳಲಿ ಅಂತ ಬಿಟ್ಟೆ.

ರೇಸಿನ ದಿನ ಹತ್ತಿರ ಬಂದಾಗ ಮೈದುನ ಬಂದು ಮುಳ್ಳಿನ ಆಚೆ ನಿಂತ.

"ನಮ್ಮ ಮನೇಲಿ ಯಾವತ್ತು ಉದ್ದು ಹಾಕಿದ್ರು ಅತ್ತಿಗೆ?"

"ಈ ವರ್ಷ."

"ರೇಸು ಎಲ್ಲಿ ಮಾಡೋದು?"

"ನಿನ್ನ ಗದ್ದೆ ಇಲ್ವಾ?"

ತನ್ನ ಗದ್ದೆಯ ಅಂಚು ಕಡಿಸಲು ಅವನಿಗೆ ಮನಸ್ಸು ಬರಲಿಲ್ಲ. ರೇಸು ಕಮ್ಮರಡಿ ಕಡೆಗೆ ಹೋಯಿತು, ಅಲ್ಲಿಂದ ಇನ್ನೆಲ್ಲಿಗೋ. ಈಗಲೂ ಎಲ್ಲಿ ಮಾಡಿದರೂ ಒಂದು ತಿರುವಿಗೆ ಕುತ್ರೆ ಕಾರ್ನರ್ ಅನ್ನುತ್ತಾರಂತೆ. ಅಲ್ಲಿ ಕುತ್ರೆಯೂ ಇರುವುದಿಲ್ಲ, ಕುತ್ರೆ ಅಂದರೆ ಏನು ಅಂತ ಓಡಿಸುವವರಿಗೆ ಗೊತ್ತೂ ಇರುವುದಿಲ್ಲ. ಆ ಹೆಸರು ಇಟ್ಟವನು ತಾನೇ ಅಂತ ಮೊನ್ನೆ ಚಿಕ್ಕಜ್ಜ ನಿಮಗೆ ಹೇಳಿದನಲ್ಲ, ಅದಕ್ಕೇ ಇಷ್ಟು ಬರೆದೆ.

ಉದ್ದು ಈಗಲೂ ಹಾಕಿಸುತ್ತೇನೆ. ನೀವು ಬಂದಾಗ ತಿನ್ನುವ ದೋಸೆ ಅದರದ್ದೇ. ಚಿಕ್ಕಜ್ಜನ ಮನೆಗೂ ಪ್ರತಿ ವರ್ಷ ಒಂದು ಪಾಲು ಕಳಿಸುತ್ತೇನೆ, ಯಾವ ಗದ್ದೆಯದ್ದು ಅಂತ ಹೇಳಿಯೇ ಕಳಿಸುತ್ತೇನೆ.