ಟೊಪ್ಪಿಗೆಯೊಳಗಿನ ಕಲೆ

ಇವತ್ತು ಮಧ್ಯಾಹ್ನ ಊಟಕ್ಕೆ ಷಡ್ಡಕ ಬರುತ್ತಾನೆಂದು ಬೋಳು ತಲೆ ಮುಚ್ಚಲು ಬೆಳಿಗ್ಗೆಯಿಂದ ಟೊಪ್ಪಿಗೆ ಹುಡುಕುತ್ತಿದ್ದೆ. ಹೆಂಡತಿಯ ಸೀರೆಗಳ ಅಡಿಯಲ್ಲಿ ಸಿಕ್ಕಿತು, ನುಸಿಗುಳಿಗೆಯ ವಾಸನೆ ಹೊತ್ತು. ಅಂಚಿಗೆ ಭಂಡಾರದ, ಅಂದರೆ ಅರಿಶಿನಪುಡಿಯ, ಹಳದಿ, ಒಳಗೆ ಸಾಸಿವೆಯಷ್ಟು ಕಂದು ಕಲೆಗಳು. ಅದು ರಕ್ತ. ಟೊಪ್ಪಿಗೆಯೊಳಗೆ ರಕ್ತ ಹೇಗೆ ಬಂತೆಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಹೊಟ್ಟೆಕಿಚ್ಚಿನಿಂದ.

ಷಡ್ಡಕನೆಂದರೆ ಹೆಂಡತಿಯ ಅಕ್ಕನ ಗಂಡ ಮಲ್ಲಪ್ಪ. ಮೂಡಲಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ, ಹೊಸ ಕಾರು, ಎತ್ತರದ ಆಳು. ನಾನು ಹುಕ್ಕೇರಿಯ ಕುಳ್ಳ ಮಾಸ್ತರ. ಕಣಗಲಾ ಊರಿನ ಮಾವನವರ ಮನೆಯಲ್ಲಿ ನಮ್ಮಿಬ್ಬರನ್ನೂ ಒಂದೇ ಕಂಬಳಿಯ ಮೇಲೆ ಕೂರಿಸುತ್ತಿದ್ದರು. ಕೂತಾಗ ಎತ್ತರ ಕಾಣುವುದಿಲ್ಲ, ಕಾರು ಹೊರಗಿರುತ್ತದೆ, ಇಬ್ಬರ ತಲೆಯೂ ಬೋಳು. ಆ ಒಂದು ವಿಷಯದಲ್ಲಾದರೂ ದೇವರು ನ್ಯಾಯವಂತ ಎಂದುಕೊಂಡಿದ್ದೆ.

ಒಂದು ಯುಗಾದಿಗೆ ಮಲ್ಲಪ್ಪ ನಮ್ಮ ಮನೆಗೆ ಬಂದಾಗ ಅವನ ನೆತ್ತಿಯ ಮೇಲೆ ಕಪ್ಪು ಮೂಡಿತ್ತು.

“ಪಿಆರ್‌ಪಿ ಅಂತಾರ್ರಿ ಮಾಸ್ತರ. ಗೋಕಾಕದಾಗ ಮಾಡ್ತಾರ. ನಮ್ಮ ಕೈಯಾಗಿನ ರಕ್ತಾನ ತಗೊಂಡು ಮಿಶಿನ್ನಿನ್ಯಾಗ ಗರಗರ ತಿರಗಸ್ತಾರ. ಮ್ಯಾಲ ಹಳದಿ ನೀರು ನಿಲ್ಲತೈತಿ, ಅದನ್ನ ತಲಿಗೆ ಚುಚ್ಚತಾರ. ಮಾರಿಗೂ ಚುಚ್ಚಿಸ್ಕೊಂಡೇನಿ,” ಎಂದು ಕೆನ್ನೆ ಸವರಿಕೊಂಡ. ಕೆನ್ನೆಯೂ ಮಿಂಚುತ್ತಿತ್ತು, ಹಾಳಾದದ್ದು.

ಹೋಳಿಗೆಯ ತಾಟು ಹಿಡಿದು ನಿಂತಿದ್ದ ನನ್ನ ಹೆಂಡತಿ ಅವನನ್ನೇ ನೋಡಿದಳು. “ಮಲ್ಲಪ್ಪ ಮಾವಾರು ಈಗರ ಲಗ್ನಾದವ್ರಂಗ ಕಾಣಾಕತ್ತಾರ್ರಿ,” ಅಂದಳು. ಖರೆ ಹೇಳುತ್ತೇನೆ, ನನಗೆ ಬೇಕಾಗಿದ್ದು ಕೂದಲಲ್ಲ, ಆ ನೋಟ. ನನ್ನನ್ನು ಅವಳು ಹಾಗೆ ನೋಡಿದ್ದು ಯಾವಾಗಲೋ. ಹಾದುಹೋಗುವಾಗ ನನ್ನ ಬೋಳು ತಲೆಯ ಮೇಲೊಮ್ಮೆ ಅಂಗೈ ಆಡಿಸುವ ರೂಢಿಯೊಂದು ಅವಳಿಗಿತ್ತು. ಅದನ್ನು ನಾನು ಚೇಷ್ಟೆ ಎಂದೇ ತಿಳಿದಿದ್ದೆ.

ಕೆಲವು ತಿಂಗಳಿಗೆ ಹೆಂಡತಿಯ ತಮ್ಮನ ಮಗುವಿನ ಜಾವಳ ಬಂತು. ಮೊದಲ ಕೂದಲು ತೆಗೆಸುವ ಕಾರ್ಯ. ಅವಳು ಹಿಂದಿನ ದಿನವೇ ತವರಿಗೆ ಹೋದಳು. ಇದೇ ಸಂದು ಎಂದುಕೊಂಡು ನಾನು ಬೆಳಿಗ್ಗೆ ಎದ್ದು ಗೋಕಾಕದ ಬಸ್ಸು ಹತ್ತಿದೆ. ಮಗು ಕೂದಲು ಕೊಡುವ ದಿನವೇ ನಾನು ಕೂದಲು ಕೇಳಲು ಹೊರಟಿದ್ದೆ.

“ಬೇರಿಗೆ ಜೀವ ಇದ್ದಲ್ಲಿ ಬರಬಹುದ್ರಿ ಸರ್,” ಅಂದರು ಡಾಕ್ಟರಮ್ಮ. “ನಿಮ್ಮ ನೆತ್ತಿ ನುಣ್ಣಗಾಗಿ ಭಾಳ ವರ್ಷ ಆದಂಗ ಐತಿ. ಭರವಸಾ ಕೊಡಾಂಗಿಲ್ಲ.”

“ನಮ್ಮ ಷಡ್ಡಕಗ ಬಂದಾವಲ್ರಿ?” ಅಂದೆ. ವೈದ್ಯಶಾಸ್ತ್ರದ ಬಗ್ಗೆ ನನಗಿದ್ದ ತಿಳಿವಳಿಕೆ ಅಷ್ಟೇ.

ಚುಚ್ಚಿದ್ದಾಯಿತು. “ಇವತ್ತ ತಲಿ ಮುಟ್ಟಬ್ಯಾಡ್ರಿ, ಒತ್ತಬ್ಯಾಡ್ರಿ,” ಅಂದು ಕಳಿಸಿದರು. ಅಲ್ಲಿಂದ ನೇರ ಕಣಗಲಾಕ್ಕೆ ಹೋದೆ. ಕಾರ್ಯವೆಂದ ಮೇಲೆ ಅಳಿಯಂದಿರಿಗೆ ಆಯೇರಿ ಇರುತ್ತದೆ, ಆಯೇರಿಯೆಂದರೆ ನಮ್ಮಲ್ಲಿ ಟವೆಲು, ಟೊಪ್ಪಿಗೆ. ಹೊಟ್ಟೆಕಿಚ್ಚಿನಲ್ಲಿ ಅಷ್ಟೂ ಮರೆತಿದ್ದೆ.

ಮಾವನವರು ಹಣೆಗೆ ಭಂಡಾರ ಹಚ್ಚಿ ಟೊಪ್ಪಿಗೆ ಇಟ್ಟರು. ಇಟ್ಟು ಬಿಟ್ಟಿದ್ದರೆ ಪುಣ್ಯ. ಎರಡೂ ಕೈಯಿಂದ ಒತ್ತಿ ಆಶೀರ್ವಾದ ಮಾಡುವುದು ಅವರ ಪದ್ಧತಿ, ಉಣ್ಣೆ ಕತ್ತರಿಸಲು ಟಗರನ್ನು ಅದುಮಿ ಹಿಡಿದ ಕೈ ಅವು. “ಸುಖದಿಂದ ಇರ್ರಿ!” ಅಂದರು. ನಾನು “ಯವ್ವಾ!” ಎಂದು ಚೀರಿದೆ. ಬಿಳಿ ಬಟ್ಟೆಯ ಮೇಲೆ ಕೆಂಪು ಚುಕ್ಕೆಗಳೆದ್ದವು.

ಹೆಂಡತಿ ಮಂದಿಯನ್ನು ಸರಿಸಿಕೊಂಡು ಓಡಿಬಂದಳು. ಟೊಪ್ಪಿಗೆ ತೆಗೆದು ನೋಡಿದಳು, ಸೂಜಿ ಚುಚ್ಚಿದ ಗುರುತು ಕಂಡು ತಿಳಿಯಿತು. “ಹುಚ್ಚ ಹಿಡದೈತೇನ್ರಿ ನಿಮಗ? ನಿಮಗ ಕೂದಲ ಬೇಕಂತ ಯಾರ ಅತ್ತಿದ್ರು?” ಎಂದು ಬೈಯುತ್ತಲೇ, ಬೀಗರೆಲ್ಲರ ಎದುರು, ನನ್ನ ನೆತ್ತಿಯ ಮೇಲೆ ಉಫ್ ಉಫ್ ಎಂದು ಊದತೊಡಗಿದಳು. ಅವಳ ಕಣ್ಣು ತುಂಬಿತ್ತು.

ನಾಚಿಕೆಯಿಂದ ಮುಖ ತಿರುಗಿಸಿದರೆ ಬಾಜೂಕ್ಕೆ ಮಲ್ಲಪ್ಪ. ಕೈಯಲ್ಲಿ ಹೊಸ ಟೊಪ್ಪಿಗೆ, ತಲೆಯ ತುಂಬ ಕೂದಲು. ಅವನ ಹೆಂಡತಿ ಆಚೆ ಯಾರೊಡನೆಯೋ ಮಾತಾಡುತ್ತಿದ್ದಳು, ಒಮ್ಮೆಯೂ ಈ ಕಡೆ ತಿರುಗಲಿಲ್ಲ. ಅವನು ನನ್ನ ಹೆಂಡತಿಯ ಕೈಯನ್ನು, ಅದರ ಕೆಳಗಿದ್ದ ನನ್ನ ಬೋಳು ತಲೆಯನ್ನು ನೋಡುತ್ತಿದ್ದ. ಆ ನೋಟದ ಪರಿಚಯ ನನಗಿತ್ತು. ಯುಗಾದಿಯಿಂದ ಅದನ್ನೇ ಹೊತ್ತು ತಿರುಗಿದ್ದವನು ನಾನು.

ನನಗೆ ಕೂದಲು ಬರಲಿಲ್ಲ. ಅವನವು ಇನ್ನೂ ಇವೆ, ನೋಡಿದಾಗ ಈಗಲೂ ಸ್ವಲ್ಪ ಉರಿಯುತ್ತದೆ. ಆದರೂ ಟೊಪ್ಪಿಗೆಯನ್ನು ಮತ್ತೆ ಸೀರೆಗಳ ಅಡಿಗೆ ತುರುಕಿ ಬರಿದಲೆಯಲ್ಲೇ ಹೊರಗೆ ಬಂದೆ. ಬಾಗಿಲಲ್ಲಿ ಕಾರು ನಿಂತ ಸದ್ದಾಯಿತು. ಹೆಂಡತಿ ನೀರಿನ ತಂಬಿಗೆ ಹಿಡಿದು ಹಾದುಹೋಗುತ್ತ, ರೂಢಿಯಂತೆ, ನನ್ನ ತಲೆಗೆ ಕೈ ಚಾಚಿದಳು.

“ಅವರ ಮುಂದ ಬ್ಯಾಡ, ಪಾಪ,” ಅಂದೆ.